ಅರ್ಧ ಕೊಡದ ಮ್ಯಾನೇಜರು

ಸೊರಬದ ಒಂದು ಅಡಿಕೆ ಸೊಸೈಟಿಯ ಮ್ಯಾನೇಜರ್ ಮಧುಕೇಶ್ವರರಿಗೆ ಯಾವ ಕೆಲಸವನ್ನಾದರೂ ಮೊದಲು ಕಾಗದದ ಮೇಲೆ ಮಾಡಿ ಮುಗಿಸುವ ಚಟ. ಬೆಣಚಿಗಟ್ಟೆಗೆ ಶುದ್ಧ ನೀರಿನ ಘಟಕ ಹಾಕಿಸಲು ಸಿಬ್ಬಂದಿಯೆಲ್ಲ ಸೇರಿ ಹಣ ಎತ್ತೋಣವೆಂದು ಗುಮಾಸ್ತೆ ಶಶಿರೇಖಾ ಕೇಳಿದಾಗ ಅವರು ಸಂತೋಷದಿಂದಲೇ ಒಪ್ಪಿದರು. ಒಪ್ಪಿ, ಎರಡು ದಿನ ಕೂತು ಹನ್ನೊಂದು ಅಂಶಗಳ ಸುತ್ತೋಲೆ ಬರೆದರು. ಕಾಣಿಕೆ ಡಬ್ಬಿಗೆ ಯಾವ ಬಣ್ಣ ಬಳಿಯಬೇಕೆಂಬುದೂ ಅದರಲ್ಲಿತ್ತು.

ಬೆಣಚಿಗಟ್ಟೆ ಶಿಕಾರಿಪುರದ ಆಚೆಗಿರುವ ಶಶಿರೇಖಾಳ ತವರು. ಎರಡು ವರ್ಷ ಮಳೆ ಕೈಕೊಟ್ಟು, ಬೋರ್‌ವೆಲ್ ಬತ್ತಿ, ಕೆರೆಯ ತಳದ ರಾಡಿ ನೀರು ಸೋಸಿ ಕುಡಿದ ಊರಿಗೆ ಊರೇ ಬೇಸಿಗೆಯಲ್ಲಿ ವಾಂತಿಭೇದಿ ಹಿಡಿದು ಮಲಗಿತ್ತು. ಅವಳ ಅವ್ವ ಲೋಕಮ್ಮ ಆರು ದಿನ ಡ್ರಿಪ್ ಹಾಕಿಸಿಕೊಂಡು, ನರ್ಸುಗಳನ್ನೆಲ್ಲ ಬೈದು, ಬದುಕಿ ಬಂದಿದ್ದಳು. ಅಲ್ಲಿಂದಾಚೆಗೆ ಶಶಿರೇಖಾ ತವರಿಗೆ ಹೋದಾಗಲೆಲ್ಲ ಚೀಲದಲ್ಲಿ ಸೊರಬದ ನೀರಿನ ಬಾಟಲಿ ಒಯ್ಯುತ್ತಿದ್ದಳು. ಹೋದ ಸಲ ಲೋಕಮ್ಮ ಕಾಸಿ ಆರಿಸಿದ ನೀರನ್ನು ತಂಬಿಗೆಯಲ್ಲಿ ತರುವಷ್ಟರಲ್ಲಿ ಅಮ್ಮನ ಜೊತೆ ಬಂದಿದ್ದ ಮೊಮ್ಮಗಳು ಧನಲಕ್ಷ್ಮಿ ಬಾಟಲಿ ಎತ್ತಿ ಗಟಗಟ ಕುಡಿಯುತ್ತಿದ್ದಳು. ಲೋಕಮ್ಮ ಬಾಟಲಿ ನೋಡಿದಳು, ಮಗಳ ಮುಖ ನೋಡಿದಳು, ತಂಬಿಗೆಯನ್ನು ಒಳಗೆ ಇಟ್ಟು ಬಂದಳು. ಎಲ್ಲದಕ್ಕೂ ಬೈಯುವ ಹೆಂಗಸು ಅವತ್ತು ಒಂದು ಮಾತೂ ಆಡಲಿಲ್ಲ. ಶಶಿರೇಖಾಳಿಗೆ ಅದನ್ನು ನುಂಗಿಕೊಳ್ಳಲು ಆಗಲೇ ಇಲ್ಲ. ಅವ್ವನ ಮನೆಯಲ್ಲಿ ಅವ್ವನ ಕೈಯಿಂದ ಹೆದರದೆ ಒಂದು ತಂಬಿಗೆ ನೀರು ಕುಡಿಯಬೇಕು, ಅವಳಿಗೆ ಬೇಕಾದದ್ದು ಅಷ್ಟೇ.

ಡಬ್ಬಿ ಹದಿನೈದು ದಿನ ಕೌಂಟರಿನ ಮೇಲೆ ಕೂತಿತು. ಅದರಲ್ಲಿ ಬಿದ್ದದ್ದು ಮೂರು ತೂಕದ ಚೀಟಿ, ಒಂದಷ್ಟು ವೀಳ್ಯದೆಲೆಯ ತೊಟ್ಟು. ನಮ್ಮ ಜನ ಜಿಪುಣರೇನಲ್ಲ. ಆದರೆ ಡಬ್ಬಿ ಹಿಡಿದವರು ಎದುರಾದ ಕೂಡಲೇ ಎಲ್ಲರಿಗೂ ಎಲ್ಲಿಂದಲೋ ಫೋನ್ ಬಂದುಬಿಡುತ್ತದೆ.

ಆಗ ಮ್ಯಾನೇಜರು ಏಳನೇ ಅಂಶಕ್ಕೆ ಕೈಹಾಕಿದರು. ಸಿಬ್ಬಂದಿಯೆಲ್ಲ ತಲೆಯ ಮೇಲೆ ನೀರಿನ ಕೊಡ ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಜಾಥಾ ಹೋಗತಕ್ಕದ್ದು. ಬರಗಾಲದಲ್ಲಿ ನೀರು ಪೋಲಾಗಬಾರದಾದ್ದರಿಂದ ಕೊಡಗಳು ಅರ್ಧ ಮಾತ್ರ ತುಂಬಿರತಕ್ಕದ್ದು. ಮದುವೆಯಾಗುವವರೆಗೆ ದಿನಾ ಮೈಲಿ ದೂರದಿಂದ ನೀರು ಹೊತ್ತಿದ್ದ ಶಶಿರೇಖಾ, ಅರ್ಧ ಕೊಡ ತಲೆಯ ಮೇಲೆ ಓಲಾಡುತ್ತದೆ ಎಂದು ಹೇಳಿ ನೋಡಿದಳು. ಸುತ್ತೋಲೆ ಆಗಲೇ ಟೈಪಾಗಿತ್ತು. ಅವಳು ಹಿತ್ತಲಿಗೆ ಹೋಗಿ ತನ್ನ ಕೊಡವನ್ನು ಸುಮ್ಮನೆ ಕಂಠದವರೆಗೆ ತುಂಬಿಕೊಂಡು ಬಂದಳು.

ಮ್ಯಾನೇಜರು ಎಲ್ಲರಿಗಿಂತ ಮುಂದೆ ನಡೆದರು. ಹತ್ತು ಹೆಜ್ಜೆಗೆ ಕೊಡದಡಿಯ ಸಿಂಬಿ ಜಾರಿ ಕನ್ನಡಕದ ಮೇಲೆ ಬಂತು, ಇಪ್ಪತ್ತು ಹೆಜ್ಜೆಗೆ ಅಂಗಿ ತೊಯ್ದಿತು. ಪಕ್ಕದಲ್ಲಿ ಸೊಸೈಟಿಯಲ್ಲಿ ಅಡಿಕೆ ತೂಗುವ ಪರಶುರಾಮ ಡಬ್ಬಿ ಕುಲುಕುತ್ತ ಬರುತ್ತಿದ್ದ. ರಸ್ತೆಯುದ್ದಕ್ಕೂ ಜನಕ್ಕೆ ಫೋನ್ ಬಂದವು.

ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ತೊಗರ್ಸಿಗೆ ಹೊರಟಿದ್ದ ಮದುವೆ ದಿಬ್ಬಣದ ವ್ಯಾನು ಎದುರಾಯಿತು. ಮುಂದಿನ ಸೀಟಿನಲ್ಲಿದ್ದ ಹುಚ್ಚಮ್ಮ ಎಂಬ ಮುದುಕಿ, ಮದುಮಗನ ಅಜ್ಜಿ, ವ್ಯಾನು ನಿಲ್ಲಿಸಿ ಇಳಿದೇಬಿಟ್ಟಳು.

"ಅರೆಗೊಡ ಹೊತ್ಕಂಡು ದಿಬ್ಬಣಕ್ಕೆ ಎದುರು ಬರ್ತೀರಲ್ರೀ. ಯಾವೂರು ನಿಮ್ದು?"

"ಕುಪ್ಪಗಡ್ಡೆ," ಎಂದರು ಮ್ಯಾನೇಜರು ಮೆಲ್ಲಗೆ.

"ಕುಪ್ಪಗಡ್ಡೇಲಿ ಹುಟ್ಟಿ ಇಷ್ಟೂ ಗೊತ್ತಾಗಲ್ವಾ? ಆಚೆ ಸರೀರಿ."

ಮ್ಯಾನೇಜರು ಚರಂಡಿಯ ಕಡೆ ಸರಿದರು. ಹಿಂದೆ ಶಶಿರೇಖಾ ಕಾಣಿಸಿದಳು, ತಲೆಯ ಮೇಲೆ ತುಂಬಿದ ಕೊಡ. ಅಜ್ಜಿಯ ಮುಖ ಅರಳಿತು. ಎಲೆಯಡಿಕೆ ಚೀಲದಿಂದ ನಾಣ್ಯ ತೆಗೆದು, ಕಣ್ಣಿಗೊತ್ತಿಕೊಂಡು, ಕೊಡ ಇಳಿಸಲು ಹೇಳಿ ಬುಳಕ್ಕನೆ ನೀರಿಗೆ ಹಾಕಿದಳು. ಹೊರಟವರಿಗೆ ತುಂಬಿದ ಕೊಡ ಎದುರಾದರೆ ಬರಿಗೈಲಿ ದಾಟುವ ಪದ್ಧತಿ ನಮ್ಮಲ್ಲಿಲ್ಲ. ಮದುಮಗ ಇಳಿದು ಹಾಕಿದ, ಅವನ ಮಾವಂದಿರು ಹಾಕಿದರು, ವ್ಯಾನಿಗೆ ವ್ಯಾನೇ ಇಳಿದು ಹಾಕಿತು. ಹಿಂದೆ ಹಾರ್ನ್ ಹೊಡೆಯುತ್ತಿದ್ದ ಬಸ್ಸಿನ ಡ್ರೈವರೂ ಕೊಡ ಕಂಡು ಇಳಿದು ಬಂದ. ಪರಶುರಾಮನ ಡಬ್ಬಿಯತ್ತ ಯಾರೂ ತಿರುಗಿ ನೋಡಲಿಲ್ಲ.

ಮ್ಯಾನೇಜರು ಜೇಬಿನಿಂದ ಸುತ್ತೋಲೆ ತೆಗೆದು 'ಅರ್ಧ' ಎಂಬುದನ್ನು ಹೊಡೆದುಹಾಕಿ 'ಕಂಠಮಟ್ಟ' ಎಂದು ಬರೆದರು. ಅವರ ಜನ್ಮದಲ್ಲಿ ಸುತ್ತೋಲೆ ತಿದ್ದಿದ್ದು ಅದೇ ಮೊದಲು.

ಆ ತಿಂಗಳಿಡೀ ಮುಹೂರ್ತಗಳಿದ್ದವು. ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಎಲ್ಲರೂ ಕೊಡ ಹೊತ್ತು ಊರ ಬಾಗಿಲಲ್ಲಿ ಅಡ್ಡಾಡಿದರು. ಹೆಣ್ಣು ನೋಡಲು ಹೊರಟವರು ಹಾಕಿದರು, ಹೊಸ ಟ್ರ್ಯಾಕ್ಟರಿನವರು ಹಾಕಿದರು. ಕೋರ್ಟಿಗೆ ಹೊರಟವರು ಹಾಕಿದರು; ಹಿಂದೆಯೇ ಬಂದ ಅದೇ ಕೇಸಿನ ಎದುರು ಪಾರ್ಟಿಯವರು ಅವರಿಗಿಂತ ಹೆಚ್ಚು ಹಾಕಿದರು. ಕೊಡದಲ್ಲಿ ತೊಯ್ದ ನೋಟುಗಳನ್ನು ಅಡಿಕೆ ಒಣಗಿಸುವ ಚಾಪೆಯ ಮೇಲೆ ಹರವಿದರು. ಮ್ಯಾನೇಜರ ಕುತ್ತಿಗೆ ಹಿಡಿದುಕೊಂಡು, ಯಾರಾದರೂ ಕರೆದರೆ ಅವರು ಇಡೀ ಮೈ ತಿರುಗಿಸಬೇಕಾಯಿತು. ಆ ಅವತಾರ ನೋಡಿ ನಕ್ಕ ಅಡಿಕೆ ವರ್ತಕರೇ ಧಾರಾಳವಾಗಿ ಕೈಬಿಚ್ಚಿದರು. ಉಳಿದ ಕೊರತೆಯನ್ನು ಸೊಸೈಟಿ ತುಂಬಿತು.

ಘಟಕ ಶುರುವಾದ ದಿನ ಮ್ಯಾನೇಜರು ನಾಲ್ಕು ಪುಟದ ಭಾಷಣ ಹಿಡಿದು ಬೆಣಚಿಗಟ್ಟೆಗೆ ಬಂದರು. ಮೊದಲ ಕೊಡ ತುಂಬಿಕೊಂಡ ಲೋಕಮ್ಮ ಅದನ್ನು ಸೊಂಟದ ಮೇಲಿಟ್ಟುಕೊಂಡು ಎದುರು ಬಂದಳು. ಅವರ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ನಾಣ್ಯ ಕಣ್ಣಿಗೊತ್ತಿಕೊಂಡು ಕೊಡಕ್ಕೆ ಹಾಕಬೇಕು, ಲೋಕಮ್ಮ ಫಟ್ಟನೆ ಕೊಡದ ಬಾಯಿಗೆ ಅಂಗೈ ಮುಚ್ಚಿದಳು.

"ಇದು ಕುಡಿಯಾ ನೀರು ಸಾಹೇಬ್ರೇ, ಕೈ ಹಾಕ್‌ಬ್ಯಾಡ್ರಿ. ರೊಕ್ಕ ಹಾಕಾದಿದ್ರೆ ಆ ಮಿಷನ್ನಿಗೆ ಹಾಕ್ರಿ."

ಘಟಕದ ಗೋಡೆಯಲ್ಲಿ ನಾಣ್ಯ ಹಾಕುವ ಸೀಳು ಇತ್ತು. ಮ್ಯಾನೇಜರು ವಿಧೇಯರಾಗಿ ಹಾಕಿದರು. ಕೆಳಗೆ ಕೊಡವಿಲ್ಲದ ನಲ್ಲಿಯಿಂದ ನೀರು ಧೋ ಎಂದು ಸುರಿದು ಭಾಷಣ ತೊಯ್ದುಹೋಯಿತು. ಊರವರು ಅವರಿಗೆ ಬಲು ಕೃತಜ್ಞರಾದರು.

ಮನೆಯಲ್ಲಿ ಲೋಕಮ್ಮ ಅದೇ ಕೊಡದಿಂದ ತಂಬಿಗೆ ತುಂಬಿ ತಂದು, ಮಗಳ ಕೈಗೆ ಕೊಡದೆ ನಿಂತಳು. ಅವಳ ಕಣ್ಣು ಮಗಳ ಚೀಲದ ಮೇಲಿತ್ತು.

"ಬಾಟ್ಲಿ ಎಲ್ಲೈತಿ?"

"ತಂದಿಲ್ಲವ್ವ."

ಶಶಿರೇಖಾ ಅವ್ವನ ಕೈಯಿಂದ ತಂಬಿಗೆ ತೆಗೆದುಕೊಂಡು ತಳ ಕಾಣುವವರೆಗೆ ಕುಡಿದಳು. ಧನಲಕ್ಷ್ಮಿ ತನಗೂ ಬೇಕೆಂದು ಸೆರಗು ಜಗ್ಗಿದಳು.

ಆಮೇಲೆ ಲೋಕಮ್ಮ ಶುರುಮಾಡಿದಳು. ಬಿಸಿಲಲ್ಲಿ ಕೊಡ ಹೊತ್ತು ಮಗಳು ಕರ್ರಗಾದದ್ದಕ್ಕೆ ಬೈದಳು, ಸೊರಗಿದ್ದಕ್ಕೆ ಬೈದಳು, ಎರಡು ತಿಂಗಳು ಇತ್ತ ತಲೆ ಹಾಕದ್ದಕ್ಕೆ ಬೈದಳು. ಶಶಿರೇಖಾ ಗೋಡೆಗೊರಗಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು, ಕೇಳುತ್ತಲೇ ಇನ್ನೊಂದು ತಂಬಿಗೆಗೆ ಕೈ ಚಾಚಿದಳು.