ಮಂಡಿಯಕ್ಕ ಆಯ್ತು ಅಂದಳು

ಗುಂಡಿ ಒತ್ತಿದ್ದೇ ತಡ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ಕೆಂಪು ತ್ರಿಕೋನ, ಬ್ಯಾಟರಿ, ಬ್ರೇಕು, ಎಂಜಿನ್ನಿನ ಹಳದಿ ಚಿತ್ರ, ಹೆಸರೇ ಗೊತ್ತಿಲ್ಲದ ಇನ್ನೂ ಎರಡು ಮೂರು. ಹತ್ತಬೇಕಾದ ಒಂದೇ ಒಂದು ದೀಪ, ‘ರೆಡಿ’ ಅನ್ನುವ ಪುಟ್ಟ ಹಸಿರು ಅಕ್ಷರ ಮಾತ್ರ ಹತ್ತಲಿಲ್ಲ.

“ಏನೇ, ಬಂತಾ?” ಕಾರಿನ ಹಿಂಬದಿಯಿಂದ ಗಂಡ ಕೂಗಿದ.

“ಬಂತು ಬಂತು. ಒಂದು ಆರಿಸೋಕೆ ಹೋಗಿ ಮನೆತುಂಬ ಹತ್ತಿಸಿದ್ದೀವಿ. ಬನ್ನಿ, ಕಣ್ತುಂಬ ನೋಡಿ.”

ಅವಳನ್ನು ಎಲ್ಲರೂ ಮಂಡಿಯಕ್ಕ ಅನ್ನುತ್ತಿದ್ದರು. ಮಂಡಿ ಬದಲಾಯಿಸಿಕೊಂಡವರು, ಸೊಂಟ ಮುರಿದುಕೊಂಡವರು, ಪಾರ್ಶ್ವವಾಯು ಹೊಡೆದು ಒಂದು ಕೈಯ ನೆನಪೇ ಕಳೆದುಕೊಂಡವರು, ಇಂಥವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಮೊದಮೊದಲು ಅದು ರೋಗಿಗಳು ತಮಾಷೆಗೆ ಇಟ್ಟ ಹೆಸರು. ಈಗ ಅಂಚೆಯವನೂ ಹಾಗೇ ಕರೆಯುತ್ತಿದ್ದ. ಅವಳ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಬಸ್ಸು ಹೋಗದ ಕಡೆ, ಊರ ಹೊರಗಿನ ಬಡಾವಣೆಗಳಲ್ಲಿದ್ದರು. ಕಾರಿಲ್ಲದಿದ್ದರೆ ಅವರಿಲ್ಲ, ಅವರಿಲ್ಲದಿದ್ದರೆ ಕೆಲಸವೇ ಇಲ್ಲ.

ಅದು ಹೈಬ್ರಿಡ್ ಕಾರು. ಪೆಟ್ರೋಲನ್ನೂ ಕುಡಿಯುತ್ತದೆ, ಹಿಂದಿನ ಸೀಟಿನ ಬೆನ್ನಿಗಿರುವ ದೊಡ್ಡ ಬ್ಯಾಟರಿಯಿಂದಲೂ ಓಡುತ್ತದೆ. ನಿಧಾನವಾಗಿ ಹೋಗುವಾಗ ಎಂಜಿನ್ ನಿಂತುಬಿಟ್ಟು ಉಸಿರಿನಷ್ಟೂ ಸದ್ದಿರುವುದಿಲ್ಲ. ಒಂದು ಮನೆಯ ನರಳಾಟದಿಂದ ಇನ್ನೊಂದು ಮನೆಯ ನರಳಾಟಕ್ಕೆ ಹೋಗುವ ನಡುವೆ ಆ ನಿಶ್ಶಬ್ದ ಅವಳಿಗೆ ಸಿಗುತ್ತಿತ್ತು. ಅಲ್ಲಿ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿದವಳಲ್ಲ. ಹೇಳಿದರೆ, ಮನೆಯಲ್ಲಿ ಏನು ಕಡಿಮೆಯಾಗಿದೆ ನಿನಗೆ ಅನ್ನುವ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು.

ಕಳೆದ ವಾರ ಬ್ಯಾಟರಿ ಬಿಸಿಯಾಗುತ್ತಿದೆ ಎಂಬ ಎಚ್ಚರಿಕೆ ಬಂದಿತ್ತು. ಬ್ಯಾಟರಿಗೆ ಗಾಳಿ ಊದುವ ಫ್ಯಾನು ಕಟ್ಟಿಕೊಂಡಿರಬೇಕು, ಅಷ್ಟೇ. ಗ್ಯಾರೇಜಿಗೆ ಬಿಡೋಣವೆಂದು ಅವಳು ಹೇಳಿದರೆ ಗಂಡ ಒಪ್ಪಲಿಲ್ಲ. ಅವನು ನಿವೃತ್ತ ನಕ್ಷೆಗಾರ. ಕಟ್ಟಡದ ನಕ್ಷೆ ಬರೆದು ಬರೆದು, ಜಗತ್ತಿನಲ್ಲಿ ನಕ್ಷೆ ಇರುವ ಯಾವುದನ್ನಾದರೂ ತಾನು ಬಿಚ್ಚಿ ಜೋಡಿಸಬಲ್ಲೆ ಅನ್ನುವ ಧೈರ್ಯ ಅವನಿಗೆ ಬಂದುಬಿಟ್ಟಿತ್ತು. ಆದರೆ ಬೆನ್ನು ಬಗ್ಗುತ್ತಿರಲಿಲ್ಲ. ಹಾಗಾಗಿ ಬಾಯಿ ಅವನದು, ಕೈ ಇವಳದು ಎಂದಾಯಿತು. ಅವನು ಮಡಿಸುವ ಕುರ್ಚಿಯಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಹೇಳುವುದು, ಇವಳು ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿಕೊಂಡು ಮಾಡುವುದು.

ಫ್ಯಾನು ಬಿಚ್ಚಿದಾಗ ಒಳಗೆ ಬೂದು ಬಣ್ಣದ ನಾರಿನ ಮುದ್ದೆ ಸಿಕ್ಕಿತ್ತು. ಹಿಂದಿನ ಸೀಟಿನಲ್ಲಿ ಅವಳು ಒಟ್ಟಿಕೊಳ್ಳುವ ಟವೆಲ್ಲುಗಳ ನೂಲು.

“ನೋಡು, ನಿನ್ನ ರೋಗಿಗಳ ಟವೆಲ್ಲನ್ನೇ ತಿಂದು ಅಜೀರ್ಣ ಆಗಿದೆ ಇದಕ್ಕೆ,” ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಆಗಿನ್ನೂ ಬೆಳಗ್ಗೆ. ನಗಲು ಆಗುತ್ತಿತ್ತು.

ಈಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಎಲ್ಲ ಜೋಡಿಸಿ ಆಗಿದೆ, ಕಾರು ಮಾತ್ರ ಸತ್ತಂತೆ ನಿಂತಿದೆ.

“ಫ್ಯಾನಿನ ವೈರು ಚುಚ್ಚಿದ್ದೀಯಾ?”

“ಚುಚ್ಚಿದ್ದೀನಿ.”

“ಸರಿಯಾಗಿ?”

“ತಪ್ಪಾಗಿ ಚುಚ್ಚೋಕೆ ಅದಕ್ಕೆ ಎರಡು ಬಾಯಿದೆಯೇನ್ರೀ?”

ಅವಳು ಮತ್ತೆ ಡಿಕ್ಕಿಯ ಬದಿಗೆ ಹೊದಿಸಿದ ಪ್ಲಾಸ್ಟಿಕ್ ಒಳಪಟ್ಟಿ ತೆಗೆದಳು. ಫ್ಯಾನಿನ ವೈರು ಎಳೆದು ಚುಚ್ಚಿದಳು. ದೀಪಗಳಿಗೆ ಕರೆಂಟು ಕೊಡುವ ಇನ್ನೊಂದು ಚಿಕ್ಕ ಬ್ಯಾಟರಿಯ ತಂತಿ ಬಿಚ್ಚಿ, ಸ್ವಲ್ಪ ಕಾದು, ಮತ್ತೆ ಬಿಗಿದಳು. ಹಾಗೆ ಮಾಡಿದರೆ ಕಾರು ಹಳೆಯದನ್ನೆಲ್ಲ ಮರೆಯುತ್ತದೆ ಎಂದು ವಿಡಿಯೋದವನು ಹೇಳಿದ್ದನಂತೆ. ಕಾರಿನ ನೆನಪಿನ ಶಕ್ತಿ ಚೆನ್ನಾಗಿತ್ತು. ಗುಂಡಿ ಒತ್ತಿದರೆ ಅದೇ ಕೆಂಪು ತ್ರಿಕೋನ, ಅದೇ ಹಳದಿ ಸಂಸಾರ.

ಗಂಡ ತಾನು ತರಿಸಿದ್ದ ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದ. ಹೈ ವೋಲ್ಟೇಜಿನ ಸುರಕ್ಷತಾ ಸರಪಳಿ ಎಲ್ಲೋ ತೆರೆದಿದೆ ಎಂದು ಅದು ತೋರಿಸಿತು; ಆ ವೈರುಗಳ ಸರಪಳಿ ಪೂರ್ತಿ ಕೂಡದಿದ್ದರೆ ಕಾರು ಹೊರಡುವುದಿಲ್ಲ. ಎಲ್ಲಿ ಎಂದು ಹೇಳಲಿಲ್ಲ. ಅವನು ಕಾಗದದ ಮೇಲೆ ನಕ್ಷೆ ಬರೆದ. ಸರಪಳಿ ಬ್ಯಾಟರಿಯಿಂದ ಹೊರಟು ಕಾರಿನ ಹೊಟ್ಟೆಯಡಿ ಹಾದು, ಮುಂದೆ ಮೋಟಾರಿಗೆ ಕರೆಂಟು ಹೊಂದಿಸುವ ಇನ್ವರ್ಟರಿನ ಮುಚ್ಚಳ ಮುಟ್ಟಿ, ಕಂಪ್ಯೂಟರಿಗೆ ಸೇರುತ್ತದೆ. ನಕ್ಷೆ ಅಂದವಾಗಿತ್ತು. ಅಂದ ನೋಡಿ ಅವಳ ಪಿತ್ತ ನೆತ್ತಿಗೇರಿತು.

ಮುಂದಿನ ಬಾನೆಟ್ಟು ತೆಗೆದು ಇನ್ವರ್ಟರಿನ ಮುಚ್ಚಳ ನೋಡಿದ್ದಾಯಿತು. ಅದನ್ನು ಅವರು ಮುಟ್ಟಿಯೇ ಇರಲಿಲ್ಲ, ಅದು ತನ್ನ ಪಾಡಿಗೆ ಸರಿಯಾಗಿತ್ತು. ಹಿಂದೆ ಬಂದು, ಬೆಳಗ್ಗೆ ಕಿತ್ತು ಮತ್ತೆ ಹಾಕಿದ್ದ ಕಿತ್ತಳೆ ಬಣ್ಣದ ಹಿಡಿಗೆ ಟಾರ್ಚು ಬಿಟ್ಟು ನೋಡಿದರು. ಕಿತ್ತರೆ ದೊಡ್ಡ ಬ್ಯಾಟರಿಯ ಕರೆಂಟು ಕಡಿದುಹೋಗುವ ಹಿಡಿ ಅದು. ಅದನ್ನು ಕಿತ್ತ ಮೇಲೆಯೇ ಒಳಗೆ ಕೈ ಹಾಕಬೇಕು. ಈಗ ಅದು ತನ್ನ ಕುಳಿಯಲ್ಲಿ ನೆಟ್ಟಗೆ ನಿಂತಿತ್ತು.

“ಕೂತಿದೆಯಲ್ಲ,” ಅಂದ ಗಂಡ.

“ಕೂತಿದೆ,” ಅಂದಳು ಇವಳು.

ಫೋನು ಹೊಡೆದುಕೊಂಡಿತು. ಊರಾಚೆಯ ಹೆಡ್‌ಮಿಸ್ಟ್ರೆಸ್ಸು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಧ್ವನಿಯಲ್ಲಿ ಬೆತ್ತ ಹಾಗೇ ಇತ್ತು.

“ಮಂಡಿಯಕ್ಕ, ಎಲ್ಲಿದ್ದೀಯಮ್ಮ? ನಾನು ಕಾಲು ಚಾಚ್ಕೊಂಡು ಕೂತಿದ್ದೀನಿ. ನಿನ್ನೆನೂ ಬರ್ಲಿಲ್ಲ.”

“ಗಾಡಿ ಕೈಕೊಟ್ಟಿದೆ ಮೇಡಂ. ಸಂಜೆಯೊಳಗೆ ಬರ್ತೀನಿ.”

“ಬರ್ತೀಯೋ, ಬರ್ತೀನಿ ಅಂತೀಯೋ? ಈ ಮಂಡಿ ನೀನು ಹಿಡಿದ್ರೆ ಮಾತ್ರ ಬಗ್ಗೋದು. ನನ್ನ ಮಾತೇ ಕೇಳಲ್ಲ ಇದು.”

ಮಂಡಿಯಕ್ಕನಿಗೆ ನಗು ಬರಲಿಲ್ಲ. ಶಸ್ತ್ರಚಿಕಿತ್ಸೆಯಾದ ಮಂಡಿಯನ್ನು ಮೊದಲ ವಾರಗಳಲ್ಲಿ ಬಗ್ಗಿಸದಿದ್ದರೆ ಆಮೇಲೆ ಅದು ಹಲಗೆಯಾಗುತ್ತದೆ. ಹೆಡ್‌ಮಿಸ್ಟ್ರೆಸ್ಸಿಗೆ ಇದು ಗೊತ್ತು, ಆದ್ದರಿಂದಲೇ ಗದರುತ್ತಾರೆ.

ಅವಳು ಫೋನಿಡುವಾಗ ಗಂಡ ತನ್ನ ಫೋನಿನಲ್ಲಿ ಮಾತಾಡುತ್ತಿದ್ದ. “ಹೂಂ ಕಣೋ. ಕಂಪ್ಯೂಟರೇ ಹೋಗಿರಬೇಕು. ಟೋ ಗಾಡಿ ತಗೊಂಡೇ ಬಾ.”

“ಯಾರದು?”

“ತಮ್ಮ. ಬೆಳಗ್ಗೇನೇ ಹೇಳಿದ್ದೆ. ಈಗ ಹೊರಟ್ನಂತೆ.”

ಮೈದುನನಿಗೆ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರ. ಅವಳ ಕೈಯಲ್ಲಿದ್ದ ಸ್ಪ್ಯಾನರು ಹಾಗೇ ನಿಂತಿತು.

“ಬೆಳಗ್ಗೇನೇ ಅಂದ್ರೆ? ಗಾಡಿ ಕೆಡೋಕೆ ಮುಂಚೆನೇ?”

“ನೀನು ಒಪ್ಪಿದ ಮೇಲೇನೇ ಹೇಳಿದ್ದು.”

“ನಾನಾ? ಯಾವಾಗ ಒಪ್ಪಿದೆ?”

“ಅಯ್ಯೋ, ಇದೊಳ್ಳೆ ಕತೆಯಾಯ್ತಲ್ಲ! ಇಲ್ಲೇ, ಇದೇ ಕುರ್ಚೀಲಿ ಕೂತು ಕೇಳಿದ್ದೀನಿ. ಈ ವಯಸ್ಸಲ್ಲಿ ಊರೆಲ್ಲ ಸುತ್ತಿ ಕಂಡವರ ಕಾಲು ಒತ್ತೋದು ಸಾಕು ಕಣೇ, ಇದನ್ನ ರಿಪೇರಿ ಮಾಡಿ ತಮ್ಮನಿಗೆ ಕೊಟ್ಟುಬಿಡೋಣ ಅಂದೆ. ನೀನು ಆಯ್ತು ಅಂದೆ. ಒಂದ್ಸಲ ಅಲ್ಲ, ಆಯ್ತು ಆಯ್ತು ಅಂತ ಎರಡು ಸಲ ಅಂದೆ.”

ಅವಳು ಸ್ಪ್ಯಾನರನ್ನು ಕೆಳಗಿಟ್ಟಳು. ಅಂದದ್ದು ನಿಜ. ಮದುವೆಯಾದಾಗಿನಿಂದ ಅದನ್ನೇ ಅನ್ನುತ್ತ ಬಂದಿದ್ದಳು. ಪರದೆಯ ಬಣ್ಣಕ್ಕೆ ಆಯ್ತು, ನಾದಿನಿಯ ಮನೆಗೆ ಹೋಗುವುದಕ್ಕೆ ಆಯ್ತು, ತನ್ನ ಆಸ್ಪತ್ರೆಯ ಕೆಲಸ ಬಿಡುವುದಕ್ಕೆ ಆಯ್ತು. ಅದು ಒಪ್ಪಿಗೆಯಲ್ಲ, ಮಾತಿಗೆ ಹಾಕುವ ಚಿಲಕ. ಒಳಗಿನಿಂದ ಹಾಕಿಕೊಂಡು ಅವಳು ತನ್ನ ಪಾಡಿಗೆ ಇದ್ದುಬಿಡುತ್ತಿದ್ದಳು. ಹೊರಗೆ ನಿಂತವನಿಗೆ ಅದು ಬಾಗಿಲು ತೆರೆದ ಸದ್ದಾಗಿ ಕೇಳಿಸುತ್ತಿತ್ತು ಎಂದು ಅವಳಿಗೆ ಹೊಳೆದಿರಲೇ ಇಲ್ಲ.

“ನಾನು ಆಯ್ತು ಅಂದಿದ್ದು ಮಾರೋದಕ್ಕಲ್ಲ ರೀ. ನಿಮ್ಮ ಬಾಯಿ ಮುಚ್ಚಿಸೋದಕ್ಕೆ.”

“ಹಾಗಂತ ನನಗೆ ಹೇಗೆ ಗೊತ್ತಾಗಬೇಕು? ನಿನ್ನ ಆಯ್ತಿಗೆ ನಾನೊಂದು ನಿಘಂಟು ಇಟ್ಕೊಂಡಿರಬೇಕಾ?”

“ನಿಮಗೆ ಈ ಗಾಡಿ ಸರಿಹೋಗೋದೇ ಬೇಕಾಗಿಲ್ಲ. ಅದಕ್ಕೇ ಕಂಪ್ಯೂಟರ್ ಹೋಗಿದೆ ಅಂತ ಆಸೆಯಿಂದ ಹೇಳ್ತಿದ್ದೀರಿ.”

ಗಂಡ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಅವಳು ಕಾದಳು. ಇಲ್ಲ ಅನ್ನಲಿ ಎಂದು ಕಾದಳು.

“ನೀನು ಹೊರಟ ಮೇಲೆ ಮನೆ ಬಿಕೋ ಅನ್ನುತ್ತೆ,” ಅಂದ ಅವನು, ಕನ್ನಡಕವನ್ನೇ ನೋಡುತ್ತ. “ಸಂಜೆ ಬಂದ್ರೆ ನಿನಗೆ ಮಾತಾಡೋಕೂ ತ್ರಾಣ ಇರಲ್ಲ. ಕೇಳಿದ್ದಕ್ಕೆಲ್ಲ ಆಯ್ತು ಅಂತೀಯಾ.”

ಅವಳಿಗೆ ಅಳು ಬರುವ ಬದಲು ಮೈಯೆಲ್ಲ ಉರಿದುಹೋಯಿತು. ಜಗಳಕ್ಕೆ ನಿಂತವನು ಜಗಳವಾಡಬೇಕು. ನಡುವೆ ಹೀಗೆ ಕೈ ಚೆಲ್ಲಿ ಕೂತುಬಿಟ್ಟರೆ ಎದುರಿದ್ದವಳು ತನ್ನ ಕೋಪವನ್ನು ಎಲ್ಲಿಟ್ಟುಕೊಳ್ಳಬೇಕು? ಪಾಪ ಅನ್ನಿಸಿಬಿಟ್ಟರೆ ಕಾರು ಹೋಯಿತು. ಪಾಪ ಅನ್ನಿಸಿಯೇ ಆಸ್ಪತ್ರೆಯ ಕೆಲಸ ಹೋಗಿತ್ತು.

“ಅದನ್ನ ಆಮೇಲೆ ಮಾತಾಡೋಣ,” ಅಂದಳು. “ಮೊದಲು ಹೇಳಿ. ನಾನು ಆಯ್ತು ಅಂದಾಗ ಏನು ಮಾಡ್ತಿದ್ದೆ?”

“ಏನು ಮಾಡ್ತಿದ್ದೆ ಅಂದ್ರೆ? ಆ ಕಿತ್ತಳೆ ಹಿಡಿ ಹಾಕ್ತಿದ್ದೆ. ಒಳಗೆ ತಳ್ಳು ಅಂದೆ, ತಳ್ಳಿದೆ. ಮೇಲಕ್ಕೆ ತಿರುಗಿಸು ಅಂದೆ, ತಿರುಗಿಸಿದೆ. ಆಮೇಲೆ ಮಧ್ಯದಲ್ಲಿ ಈ ಮಾತು ಬಂತು. ಕೊನೆಗೆ, ಕೆಳಕ್ಕೆ ಒತ್ತಿ ಕೂರಿಸಿದ್ಯಾ ಅಂತಾನೂ ಕೇಳ್ದೆ. ನೀನು...”

ಅವನು ಅಲ್ಲಿಗೇ ನಿಲ್ಲಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಅವಳು ಕೆಳಕ್ಕೆ ಒತ್ತಿರಲಿಲ್ಲ. ಆ ಪ್ರಶ್ನೆ ಅವಳ ಕಿವಿಗೆ ಬಿದ್ದೇ ಇರಲಿಲ್ಲ. ಕಾರು ಮಾರುವ ಮಾತು ಕೇಳಿದ ಮೇಲೆ ಅವನ ಧ್ವನಿಯನ್ನು ಅವಳು ರೇಡಿಯೋ ಆರಿಸಿದಂತೆ ಆರಿಸಿಬಿಟ್ಟಿದ್ದಳು. ‘ಆಯ್ತು’ ಎಂಬ ಒಂದೇ ಮಾತನ್ನು ಅವನು ಎರಡು ಕಡೆ ಜಮೆ ಮಾಡಿಕೊಂಡಿದ್ದ. ಹಿಡಿ ಕೂತಿತು, ಹೆಂಡತಿ ಒಪ್ಪಿದಳು.

“ಚಿಕ್ಕ ಬ್ಯಾಟರಿ ತಂತಿ ಬಿಚ್ಚಿ,” ಅಂದಳು.

“ಬೆನ್ನು...”

“ಅದಕ್ಕೆ ಬಗ್ಗಬೇಕಾಗಿಲ್ಲ. ನಿಂತ್ಕೊಂಡೇ ಬಿಚ್ಚಬಹುದು. ಏಳಿ.”

ಅವನು ಎದ್ದ. ಅವಳು ದಪ್ಪ ರಬ್ಬರಿನ ಗ್ಲೌಸು ಹಾಕಿಕೊಂಡಳು. ಅದನ್ನು ಹಾಕಿಕೊಂಡರೆ ಬೆರಳುಗಳು ಮೂಕವಾಗುತ್ತವೆ. ಬೆಳಗ್ಗೆ ಅವಳು ಏನನ್ನೂ ಗಮನಿಸದೆ ಹೋಗಲು ಅದೂ ಒಂದು ಕಾರಣವಿರಬೇಕು. ತಂತಿ ಬಿಚ್ಚಿದೆ ಎಂದು ಅವನು ಕೂಗಿದ ಮೇಲೆ ಮತ್ತೆ ಡಿಕ್ಕಿಯೊಳಗೆ ತೂರಿ, ಕಿತ್ತಳೆ ಹಿಡಿಯನ್ನು ಅಂಗೈಯಲ್ಲಿ ತುಂಬಿ ಹಿಡಿದಳು. ಕಣ್ಣಿಗೆ ನೆಟ್ಟಗೇ ಇತ್ತು. ಆದರೆ ಕಣ್ಣಿಗೆ ನೆಟ್ಟಗಿರುವ ಮಂಡಿಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಕೊನೆಯ ಒಂದೆಳೆಯಷ್ಟು ಚಾಚುವುದು ಬಾಕಿ ಇರುತ್ತದೆ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ಆದರೆ ಅಷ್ಟಾಗದೆ ಕಾಲು ಮೈಭಾರ ಹೊರುವುದಿಲ್ಲ. ಅವಳು ಹೆಬ್ಬೆರಳನ್ನು ಹಿಡಿಯ ನೆತ್ತಿಗಿಟ್ಟು ಕೆಳಕ್ಕೆ ಒತ್ತಿದಳು. ಸ್ವಲ್ಪ ಹಟ ಮಾಡಿ, ಜಾರಿ, ‘ಟಕ್’ ಅಂತು.

“ಕೇಳಿಸ್ತಾ?” ಅಂದಳು ಒಳಗಿನಿಂದಲೇ.

“ಕೇಳಿಸ್ತು,” ಅಂದ ಗಂಡ. ಬಹಳ ಸಣ್ಣ ಧ್ವನಿಯಲ್ಲಿ.

ತಂತಿ ಬಿಗಿದು, ಸ್ಕ್ಯಾನರಿನಲ್ಲಿ ಹಳೆಯ ದೂರನ್ನು ಅಳಿಸಿ, ಬ್ರೇಕು ತುಳಿದು ಗುಂಡಿ ಒತ್ತಿದಳು. ದೀಪಗಳು ಒಮ್ಮೆ ಎಲ್ಲವೂ ಹತ್ತಿ, ಒಂದೊಂದಾಗಿ ಆರಿದವು. ಹಸಿರು ಅಕ್ಷರ ಬಂತು.

“ಬ್ರೇಕಿನದು ಇನ್ನೂ ಉರೀತಿದೆಯಲ್ಲ!” ಗಂಡ ಕಿಟಕಿಯಿಂದ ಬಗ್ಗಿ ಬೆರಳು ತೋರಿಸಿದ. ಬೆನ್ನು ಈಗ ಬಗ್ಗಿತ್ತು.

“ಹ್ಯಾಂಡ್‌ಬ್ರೇಕ್ ಎಳೆದಿದೆ ರೀ.”

ಅಷ್ಟರಲ್ಲಿ ಗೇಟಿನ ಮುಂದೆ ಟೋ ಗಾಡಿ ಅಡ್ಡಬಂದು ನಿಂತಿತು. ಮೈದುನ ಇಳಿದು, ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದ.

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಹಳೇ ಹೈಬ್ರಿಡ್ಡು ಅಂದ್ರೆ ಹೀಗೇ, ಸಾಕೋದು ಕಷ್ಟ. ಕೀ ಕೊಡಿ.”

“ಕೊಡಲ್ಲಪ್ಪ.”

“ಕೀನಾ?”

“ಗಾಡಿನೂ.”

ಅದನ್ನು ಹೇಳಲು ಎಷ್ಟು ಕಷ್ಟವಾಯಿತೆಂದರೆ ಅವಳ ಕಿವಿ ಬಿಸಿಯಾಯಿತು. ಮೈದುನ ಅಣ್ಣನ ಕಡೆ ತಿರುಗಿದ.

“ಏನಣ್ಣಾ ಇದು? ನೀನೇ ಕರೆದೆ. ಅತ್ತಿಗೇನೂ ಒಪ್ಪಿದ್ದಾರೆ ಅಂದೆ.”

ಗಂಡ ಹೆಂಡತಿಯನ್ನು ನೋಡಿದ, ಕಾರನ್ನು ನೋಡಿದ, ತಾನು ಬರೆದ ನಕ್ಷೆಯನ್ನು ನೋಡಿದ. “ನನ್ನನ್ನ ಯಾಕೋ ಕೇಳ್ತೀಯಾ? ಗಾಡಿ ನಂದಾ? ಅವಳದು. ಅವಳನ್ನೇ ಕೇಳು,” ಎಂದು ಸಿಡುಕಿ, ಮಡಿಸುವ ಕುರ್ಚಿಯನ್ನು ಮಡಿಸತೊಡಗಿದ. ಅದು ನ್ಯಾಯದ ಮಾತೋ ಮುನಿಸಿನ ಮಾತೋ ಅವಳಿಗೆ ತಿಳಿಯಲಿಲ್ಲ. ಎರಡೂ ಇರಬಹುದು. ಬಿಡಿಸಿ ನೋಡುವ ತಾಳ್ಮೆ ಇವತ್ತಿಗೆ ಮುಗಿದಿತ್ತು.

“ಟೋ ಗಾಡಿ ಸ್ವಲ್ಪ ಹಿಂದಕ್ಕೆ ತಗೋಪ್ಪ,” ಅಂದಳು ಮೈದುನನಿಗೆ. “ನನಗೆ ಹೊತ್ತಾಯ್ತು.”

ಅವನು ಗೊಣಗುತ್ತ ಹೋಗಿ ಹಿಂದಕ್ಕೆ ತೆಗೆದ. ಅವಳು ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಸೀಟು ಮುಂದೆಳೆದುಕೊಂಡು ಕೂತಳು. ಹೊಟ್ಟೆ ಹಸಿದು ತಲೆ ಸಿಡಿಯುತ್ತಿತ್ತು. ಗೆದ್ದೆ ಎಂದು ಅನ್ನಿಸಲಿಲ್ಲ. ಸಂಜೆ ಮನೆಗೆ ಬಂದಾಗ ಆ ಬಿಕೋ ಅನ್ನುವ ಮಾತನ್ನು ಎತ್ತಿಕೊಂಡು ಅವನೆದುರು ಕೂರಬೇಕು, ಚಿಲಕವಿಲ್ಲದೆ. ಬಗ್ಗದ ಮಂಡಿ ಬಗ್ಗಿಸುವುದು ಅದಕ್ಕಿಂತ ಹಗುರದ ಕೆಲಸ.

ಕಾರು ಸದ್ದಿಲ್ಲದೆ ಗೇಟು ದಾಟಿತು. ರಸ್ತೆಗೆ ತಿರುಗುವಾಗ ಕನ್ನಡಿಯಲ್ಲಿ ಗಂಡ ಕಂಡ. ಗೇಟಿನವರೆಗೆ ಓಡಿಬಂದು ಒಂದು ಸಣ್ಣ ಕಪ್ಪು ವಸ್ತುವನ್ನು ಎತ್ತಿ ಹಿಡಿದು ಏನೋ ಕೂಗುತ್ತಿದ್ದ. ಜೋಡಿಸುವಾಗ ಉಳಿದುಹೋದದ್ದಿರಬೇಕು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಒಳಪಟ್ಟಿಯ ಪ್ಲಾಸ್ಟಿಕ್ ಕ್ಲಿಪ್ಪು. ಅದಿಲ್ಲದಿದ್ದರೆ ಪಟ್ಟಿ ಸ್ವಲ್ಪ ಕಟಕಟ ಅನ್ನುತ್ತದೆ, ಅಷ್ಟೇ.

ಅವಳು ಕಿಟಕಿಯ ಗಾಜು ಏರಿಸಿದಳು.