ಕುಳಿತುಕೊಳ್ಳದ ಮೇಷ್ಟ್ರು

ಮೇಷ್ಟ್ರು ನೆಮ್ಮದಿಯಾಗಿ ಕುಳಿತದ್ದನ್ನು ಕಂಡವರಿರಲಿಲ್ಲ. ಊಟ ಅಡಿಗೆಮನೆಯ ಕಟ್ಟೆಗೆ ಒರಗಿಕೊಂಡೇ ಮುಗಿಯುತ್ತಿತ್ತು; ಪತ್ರಿಕೆಯ ಪಾರಾಯಣ ಕಿಟಕಿಗೂ ಬಾಗಿಲಿಗೂ ನಡುವೆ ಶತಪಥ ತಿರುಗುತ್ತ ನಡೆಯುತ್ತಿತ್ತು; ಕಾಫಿಯ ಲೋಟವಂತೂ ಅವರ ಕೈಯಲ್ಲಿ ಇಡೀ ಮನೆ ಪ್ರದಕ್ಷಿಣೆ ಬಂದು, ಕೊನೆಗೆ ಯಾವುದೋ ಕಪಾಟಿನ ಮೇಲೆ ಆರಿ ತಣ್ಣಗಾಗಿ, “ಅಕ್ಕಾ, ಕಾಫಿ ಕೊಡ್ಲೇ ಇಲ್ವಲ್ಲ” ಎಂಬ ಆಕ್ಷೇಪಕ್ಕೆ ಕಾರಣವಾಗುತ್ತಿತ್ತು. “ಇವರ ತಲೆಗೂದಲು ಕತ್ತರಿಸೋದೂ ಒಂದೇ, ಓಡೋ ಕುದುರೆಗೆ ಲಾಳ ಹೊಡೆಯೋದೂ ಒಂದೇ” ಎಂದು ಕ್ಷೌರದವನು ಬಂದವರಿಗೆಲ್ಲ ಹೇಳುತ್ತಿದ್ದ.

ಅವರು ಶಾಲೆಯ ಮೇಷ್ಟ್ರಲ್ಲ. ಸರ್ಕಾರದ ವಿಕಿರಣ ಪತ್ತೆ ಕೇಂದ್ರದಲ್ಲಿ, ಬಂದರಿನ ಕಾವಲಿನವರಿಗೂ ಗುಜರಿ ಕಬ್ಬಿಣದ ಅಂಗಳಗಳ ತಪಾಸಣೆಯವರಿಗೂ ಹುಡುಕುವ ವಿದ್ಯೆ ಕಲಿಸುವವರು. ವಿಕಿರಣ ಕಣ್ಣಿಗೆ ಕಾಣದು, ಮೂಗಿಗೆ ಹತ್ತದು; ಕೈಯಲ್ಲಿನ ಯಂತ್ರ ಟಿಕ್ ಟಿಕ್ ಎಂದರೇ ಉಂಟು, ಇಲ್ಲವಾದರೆ ಇಲ್ಲ. ಅದಕ್ಕಾಗಿ ಸೀಸದ ಪುಟ್ಟ ಪೆಟ್ಟಿಗೆಯಲ್ಲಿ, ಅಂಗಿಯ ಗುಂಡಿಯಷ್ಟೇ ಗಾತ್ರದ, ಬಲು ಸೌಮ್ಯ ವಿಕಿರಣದ ಒಂದು ಬಿಲ್ಲೆಯಿತ್ತು. ಅದನ್ನು ಲಾರಿಯ ಸೀಟಿನಡಿ, ಹೂಕುಂಡದೊಳಗೆ, ಒಮ್ಮೆ ನಿರ್ದೇಶಕರ ಟೋಪಿಯಲ್ಲೂ ಬಚ್ಚಿಟ್ಟು, “ಬಿಲ್ಲೆ ಕಳೆದಿದೆ, ಇದು ಪರೀಕ್ಷೆಯಲ್ಲ, ಹುಡುಕಿ” ಎಂದು ಗಂಭೀರವಾಗಿ ಘೋಷಿಸಿ ಶಿಷ್ಯರ ಬೆನ್ನ ಹಿಂದೆ ಸುತ್ತುವುದು ಅವರ ಬೋಧನಾಕ್ರಮ. ಪೆಟ್ಟಿಗೆಯ ಬೀಗದಕೈ ಅವರ ಸೊಂಟದಲ್ಲಿ. ಆ ಬೀಗದಕೈಯೇ ಅವರ ಅಧಿಕಾರ, ಅವರ ಸಂಸಾರ, ಅವರ ಸರ್ವಸ್ವ.

ಬಿಸಿಲಿರಲಿ ಚಳಿಯಿರಲಿ ಮೈಮೇಲೊಂದು ಬೂದುಬಣ್ಣದ ಕೋಟು. ಬ್ಯಾಟರಿ, ತಿರುಪುಳಿ, ಸೀಮೆಸುಣ್ಣ, ಅರ್ಧ ತಿಂದ ಬಿಸ್ಕತ್ತುಗಳ ಭಾರಕ್ಕೆ ಜೇಬುಗಳು ಜೋತುಬಿದ್ದು, ಅವರು ಬಿರಬಿರನೆ ನಡೆಯುವಾಗ ಆ ಕೋಟೂ ಬೇರೆಯೇ ಒಬ್ಬ ಮನುಷ್ಯನಂತೆ ಹಿಂದೆ ಓಡಿಬರುತ್ತಿತ್ತು. ಯಂತ್ರ ಕೈಗೆ ಬಂದಾಗ ಮಾತ್ರ ಆ ನಡಿಗೆ ಹಸುಗೂಸನ್ನೆತ್ತಿಕೊಂಡವರ ನಡಿಗೆಯಾಗಿಬಿಡುತ್ತಿತ್ತು.

ಅವರ ಮಂತ್ರ ಒಂದೇ: “ನಿತ್ಯದ್ದನ್ನ ಕಳಿ, ಉಳಿದದ್ದನ್ನ ಹುಡುಕು.” ಗೋಡೆಯ ಕಲ್ಲಿನಲ್ಲಿ, ನೆಲದ ಮಣ್ಣಿನಲ್ಲಿ, ಬಾಳೆಹಣ್ಣಿನಲ್ಲಿ, ನಮ್ಮ ಎಲುಬಿನಲ್ಲೂ ಒಂದಿಷ್ಟು ವಿಕಿರಣ ಇದ್ದೇ ಇರುತ್ತದಂತೆ. ಎಲ್ಲೆಲ್ಲೂ ಒಂದೇ ಸಮ ಇರುವುದು ನಿತ್ಯದ್ದು, ಅದನ್ನು ಲೆಕ್ಕದಿಂದ ತೆಗೆ. ಎಲ್ಲಿ ಏರುತ್ತದೋ ಅಲ್ಲಿಗೆ ಹೋಗು. ಈ ನ್ಯಾಯವನ್ನು ಅವರು ಮನೆಗೂ ತಂದಿದ್ದರು. ಗಂಡ ಸತ್ತ ಮೇಲೆ ತಮ್ಮನ ಮನೆ ನೋಡಿಕೊಂಡಿದ್ದ ಅಕ್ಕ ಒಂದು ದಿನ ಮಂಡಿ ಹಿಡಿದು ಹೊಸ್ತಿಲಲ್ಲೇ ನಿಂತಳು.

“ದಿನಾ ಇರೋದಾ, ಇವತ್ತಿಂದಾ?” ಎಂದರು ಮೇಷ್ಟ್ರು.

“ದಿನಾ ಇರೋದೇ ಕಣೋ.”

“ಹಾಗಾದ್ರೆ ಸರಿ.”

“ದಿನಾ ಇದ್ರೆ ಅದು ನೋವಲ್ವೇನೋ?” ಎಂದು ಅಕ್ಕ ಕೇಳುವಷ್ಟರಲ್ಲಿ ತಮ್ಮ ಹಿತ್ತಿಲು ಮುಟ್ಟಿದ್ದರು.

ಇಂಥವರ ಪೆಟ್ಟಿಗೆ ಒಂದು ಬೆಳಿಗ್ಗೆ ಬರಿದಾಗಿತ್ತು. ಹಿಂದಿನ ದಿನ ಪರೀಕ್ಷೆ ಮುಗಿದ ಮೇಲೆ ಲಾರಿಯಡಿಯಿಂದ ಬಿಲ್ಲೆ ತೆಗೆದದ್ದು ನೆನಪಿತ್ತು. ಅಷ್ಟರಲ್ಲಿ ಫೋನು ಬಂದದ್ದು ನೆನಪಿತ್ತು. ಪೆಟ್ಟಿಗೆಗೆ ಹಾಕಿದ್ದು ಮಾತ್ರ ನೆನಪಿರಲಿಲ್ಲ. ಬಿಲ್ಲೆ ಕೈಯಲ್ಲಿದ್ದರೆ ಅಪಾಯವೇನಿಲ್ಲ. ಆದರೆ ಬೀದಿಯಲ್ಲಿ ಬಿದ್ದಿದ್ದರೆ? ಯಾವುದೋ ಮಗು ಹೆಕ್ಕಿ ಬಾಯಿಗಿಟ್ಟರೆ? ಆ ಯೋಚನೆ ಬಂದದ್ದೇ ಮೇಷ್ಟ್ರ ಅಂಗಾಲಿಗೆ ಕೆಂಡ ತಗುಲಿದಂತಾಯಿತು. ಸಂಜೆಯೊಳಗೆ ಸಿಗದಿದ್ದರೆ ಊರಿಗೆಲ್ಲ ಎಚ್ಚರಿಕೆ ಸಾರಬೇಕು. ಬೀಗದಕೈ ಹೋಗುವುದಂತೂ ಸರಿಯೇ.

ಮೈಮೇಲಿನ ಕೋಟಿನ ಜೇಬು ತಡಕಿ, ಮನೆಗೆ ಫೋನು ಮಾಡಿದರು. “ಅಕ್ಕಾ, ರಾತ್ರಿ ಕೋಟಿನ ಜೇಬಲ್ಲಿ ಏನಾದ್ರೂ ಇತ್ತಾ?”

“ಏನಿರ್ಲಿಲ್ಲಪ್ಪ, ಬಿಸ್ಕತ್ತಿನ ಪುಡಿ. ತೂತು ಬಿದ್ದಿತ್ತು ನೋಡು, ಅದಕ್ಕೇ ರಾತ್ರಿ—”

ಅಷ್ಟಕ್ಕೆ ಫೋನು ಇಟ್ಟಾಗಿತ್ತು.

ಸಿಬ್ಬಂದಿಯನ್ನು ಕರೆದು, “ಬಿಲ್ಲೆ ಕಳೆದಿದೆ. ಇದು ಪರೀಕ್ಷೆಯಲ್ಲ” ಎಂದರು.

ತಪಾಸಣಾ ವಾಹನದ ಚಾಲಕ, ಆನೆಯಂಥ ಆಳು, ನಕ್ಕುಬಿಟ್ಟ. “ಹೋದ ಸಲಾನೂ ಹೀಗೇ ಅಂದಿದ್ರಿ ಸಾರ್. ಟೋಪಿಲಿ ಸಿಕ್ತು.”

“ಇಲ್ಲಪ್ಪ, ಈ ಸಲ ನಿಜ.”

“ಅದನ್ನೂ ಅಂದಿದ್ರಿ.”

ತೋಳ ಬಂತು ತೋಳ ಎಂದು ವರ್ಷಗಟ್ಟಲೆ ಕೂಗಿದ ಬಾಯಿ. ಒಬ್ಬರು ಚಹಾ ಮುಗಿಸಿ ಎದ್ದರು, ಒಬ್ಬರು ಹೂಕುಂಡದ ಕಡೆಗೇ ನೇರ ಹೋದರು. ಮೇಷ್ಟ್ರೇ ಯಂತ್ರ ಹಿಡಿದು ಹೊರಟರು. ಶಾಸ್ತ್ರೋಕ್ತವಾಗಿ ಮೊದಲು ತಮ್ಮ ಕೋಣೆಯ ನಿತ್ಯದ್ದನ್ನು ಅಳೆದರು. ಎಂದಿಗಿಂತ ತುಸು ಹೆಚ್ಚಿತ್ತು. ಹೊಸದಾಗಿ ಹಾಸಿದ ಟೈಲ್ಸ್ ನೆಲದ ಕೆಲಸವಿರಬೇಕು, ಕೆಲವು ಟೈಲ್ಸ್‌ಗೆ ಆ ಗುಣವುಂಟು ಎಂದುಕೊಂಡು ಅದನ್ನು ಕಳೆದರು. ಆಮೇಲೆ ಕೋಣೆ ಕೋಣೆ, ಅಂಗಳ, ಲಾರಿಯ ಅಡಿ, ಬೀದಿಯ ಮೋರಿ. ಎಲ್ಲೆಲ್ಲೂ ಅಷ್ಟೇ, ಒಂದೇ ಸಮ, ಏರಿಲ್ಲ ಇಳಿವಿಲ್ಲ. ಏನೂ ಇಲ್ಲವೆಂದೇ ಅದರ ಅರ್ಥ.

ಕೇಂದ್ರದ ಎಂಜಿನಿಯರಮ್ಮನ ಯಂತ್ರ ಮಾತ್ರ ಹುಚ್ಚು ಹಿಡಿದಂತೆ ಆಡುತ್ತಿತ್ತು. ಕಿಟಕಿಯ ಬಳಿ ಟಿಕ್ಕೆನ್ನುವುದು, ಆಕೆ ಅಲ್ಲಿಗೆ ಹೋದರೆ ಮೌನ; ಬಾಗಿಲ ಬಳಿ ಕೂಗುವುದು, ತಿರುಗಿದರೆ ಇಲ್ಲ. “ದೆವ್ವ ಏನಮ್ಮ ಇದು, ಓಡಾಡುತ್ತಲ್ಲ” ಎಂದ ಚಾಲಕ. ಅವನ ನಗೆ ಈಗ ಅರ್ಧಕ್ಕಿಳಿದಿತ್ತು. ಮೇಷ್ಟ್ರ ಮುಖ ಅವನು ಕಂಡಿದ್ದ.

ಬಿಸಿಲು ಇಳಿಯಿತು. ಎಚ್ಚರಿಕೆ ಸಾರಲು ಫೋನಿನತ್ತ ಹೋದ ಮೇಷ್ಟ್ರು ಅದನ್ನು ಮುಟ್ಟಿದರು, ಬಿಟ್ಟರು. ಬಾಗಿಲ ಬಳಿ, ಬಂದವರಿಗೆಂದು ಹಾಕಿದ್ದ, ಯಾರೂ ಕೂರದ ಒಂದು ಕುರ್ಚಿಯಿತ್ತು. ಅದರಲ್ಲಿ ಕುಳಿತುಬಿಟ್ಟರು. ಬೆನ್ನೊರಗಿಸಿ, ಕೈಗಳೆರಡನ್ನೂ ತೊಡೆಯ ಮೇಲಿಟ್ಟು.

ಇದು ಪರೀಕ್ಷೆಯಲ್ಲವೆಂಬುದು ಎಲ್ಲರಿಗೂ ಆಗಲೇ ಖಾತ್ರಿಯಾದದ್ದು. ಚಾಲಕ ಯಾರೂ ಹೇಳದೆಯೇ ಯಂತ್ರ ಎತ್ತಿಕೊಂಡು ಬೀದಿಗೆ ಹೊರಟ. ಎಂಜಿನಿಯರಮ್ಮ ಮಾತ್ರ ನಿಂತಲ್ಲೇ ನಿಂತಳು. ಬೆಳಗಿನಿಂದ ಓಡಾಡುತ್ತಿದ್ದ ಆ ಟಿಕ್ ಟಿಕ್ ಈಗ ಒಂದೇ ಕಡೆ ನೆಲೆಯಾಗಿತ್ತು. ಮೇಷ್ಟ್ರು ಏಳಹೊರಟರು.

“ಏಳ್ಬೇಡಿ ಸಾರ್,” ಎಂದಳು ಮೆಲ್ಲಗೆ. “ದಮ್ಮಯ್ಯ, ಹಾಗೇ ಕೂತಿರಿ.”

ಯಂತ್ರವನ್ನು ಕೋಟಿನ ಕೆಳಯಂಚಿಗೆ ತಂದಾಗ ಅದು ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಸಿಡಿಯಿತು. ಕತ್ತರಿ ತಂದು ಒಳಪದರ ಬಿಚ್ಚಿದರು. ಜೇಬಿನ ತೂತಿನಿಂದ ಜಾರಿದ ಬಿಲ್ಲೆ ಅಲ್ಲಿ ತಣ್ಣಗೆ ಕುಳಿತಿತ್ತು. ಅಕ್ಕನ ಒತ್ತೊತ್ತಾದ ಹೊಲಿಗೆ ಅದು ಬಂದ ದಾರಿಯನ್ನು ಭದ್ರವಾಗಿ ಮುಚ್ಚಿತ್ತು.

“ಸಿಕ್ತಲ್ಲ, ಬಿಡಿ ಸಾರ್,” ಎಂದ ಬೀದಿಯಿಂದ ಮರಳಿದ ಚಾಲಕ. “ಪರೀಕ್ಷೆ ಅಂತ್ಲೇ ಇರ್ಲಿ. ನಾವೇನು ಬಾಯಿ ಬಿಡ್ತೀವಾ?”

“ಇದು ಪರೀಕ್ಷೆ ಅಲ್ಲಪ್ಪ,” ಎಂದರು ಮೇಷ್ಟ್ರು. ಕುಳಿತೇ ಫೋನು ತರಿಸಿಕೊಂಡು, ಬಿಲ್ಲೆ ತಮ್ಮಿಂದ ಕಳೆದದ್ದನ್ನೂ ತಮ್ಮಲ್ಲೇ ಸಿಕ್ಕಿದ್ದನ್ನೂ ಮೇಲಿನವರಿಗೆ ಒಪ್ಪಿಸಿದರು. ಆಮೇಲೆ ಸೊಂಟದ ಬೀಗದಕೈ ಬಿಚ್ಚಿದರು. ಗಂಟು ಹಳೆಯದು, ಬೇಗ ಬಿಚ್ಚಿಕೊಳ್ಳಲಿಲ್ಲ. ಎಂಜಿನಿಯರಮ್ಮ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

ಆ ಸಂಜೆ ಅಕ್ಕ ಸೂಜಿಗೆ ದಾರ ಪೋಣಿಸುತ್ತ, “ಹೇಳೋಕೆ ಮುಂಚೆ ಫೋನ್ ಇಟ್ಟೆ. ಇಡೋನಿಗೆ ಯಾರು ಹೇಳ್ತಾರೆ” ಎಂದು ಗೊಣಗಿದಳು. ಮೇಷ್ಟ್ರು ಕಿಟಕಿಗೆ ಹೋದರು, ಬಾಗಿಲಿಗೆ ಬಂದರು, ಮತ್ತೆ ಕಿಟಕಿಗೆ ಹೋದರು. ಅಲ್ಲಿಂದಲೇ ಕೇಳಿದರು: “ಅಕ್ಕಾ, ಮಂಡಿ ಹೇಗಿದೆ?”

“ದಿನಾ ಇರೋದೇ ಕಣೋ,” ಎಂದಳು ಅಕ್ಕ, ಅಭ್ಯಾಸಬಲದಿಂದ.

ಮೇಷ್ಟ್ರು ಸರಿ ಎನ್ನಲಿಲ್ಲ. ಎಣ್ಣೆಯ ಬಟ್ಟಲು ಹುಡುಕಿ ತಂದು, ಅವಳ ಕಾಲ ಬಳಿ, ಬರಿನೆಲದ ಮೇಲೆ ಕುಳಿತರು.

ಕಾವಲು ಕಾಯುವವರ ಕುಲವೇ ಹೀಗೆ. ಲೋಕದಲ್ಲಿ ಎಲ್ಲಿ ಏನು ಏರಿತು ಎಂದು ಅಳೆಯುವ ಮುನ್ನ ತಮ್ಮ ಮೈ, ತಮ್ಮ ಮನೆ, ತಮ್ಮೊಡನೆ ಓಡಾಡುವ ಕೋಟು ಇವನ್ನೆಲ್ಲ ನಿತ್ಯದ ಲೆಕ್ಕಕ್ಕೆ ಹಾಕಿ ಕಳೆದುಬಿಡುತ್ತಾರೆ. ಹಾಗೆ ಕಳೆಯದಿದ್ದರೆ ಅವರಿಗೆ ಏನೂ ಸಿಕ್ಕದು, ನಮಗೂ ನಿದ್ದೆ ಬಾರದು. ಆದರೆ ಒಂದೊಂದು ಸಲ ಹುಡುಕಬೇಕಾದದ್ದು ಕಳೆದವುಗಳಲ್ಲೇ ಇರುತ್ತದೆ. ಅದು ಕೇಳಿಸಬೇಕಾದರೆ ಕಾಯುವವರೂ ಒಮ್ಮೆ ಕುಳಿತುಕೊಳ್ಳಬೇಕು.