ಹತ್ತೊಂಬತ್ತು ತಪ್ಪುಗಳು

"'ಆಕಸ್ಮಿಕ ಅಲ್ಲ' ಅಂತ ಒಂದು ಸಾಲು ಬರೆದುಬಿಡಿ, ಸಾಕು," ಎಂದರು ಪರೀಕ್ಷಾಧಿಕಾರಿ.

ಸಂಖ್ಯಾಶಾಸ್ತ್ರದ ಪ್ರೊಫೆಸರ್ ಬರೆದ. ನರ್ಸಿಂಗ್ ಪರೀಕ್ಷೆಯ ಎರಡು ಉತ್ತರಪತ್ರಿಕೆಗಳಲ್ಲಿ ಹತ್ತೊಂಬತ್ತು ತಪ್ಪುಗಳು ಅಚ್ಚು ಹೊಡೆದಂತೆ ಒಂದೇ ಇದ್ದವು. ಅದು ತಾನಾಗಿಯೇ ಆಗುವ ಸಂಭವ ಹನ್ನೊಂದು ಕೋಟಿಯಲ್ಲಿ ಒಂದು. ಲೆಕ್ಕ ಸರಿಯಾಗಿತ್ತು, ಎರಡು ಸಲ ನೋಡಿದ್ದ. ಸಹಿ ಹಾಕಿದ. ಸಂಜೆ ಐದಕ್ಕೆ ಸಮಿತಿ ಸೇರಿ ಇಬ್ಬರು ಹುಡುಗಿಯರನ್ನೂ ಮೂರು ವರ್ಷ ಪರೀಕ್ಷೆಯಿಂದ ಹೊರಗಿಡುವುದಿತ್ತು. ಅದು ಅವನ ಕೆಲಸವಲ್ಲ.

ಕಾರಿಡಾರಿನಲ್ಲಿ ಅವರಲ್ಲೊಬ್ಬಳು ಕಾಯುತ್ತಿದ್ದಳು.

"ನಾವು ಕಾಪಿ ಹೊಡೆದಿಲ್ಲ ಸಾರ್. ಅವಳು ನನ್ನ ಚಿಕ್ಕಪ್ಪನ ಮಗಳು. ಇಬ್ರಿಗೂ ನಮ್ಮತ್ತೇನೇ ಮನೇಲಿ ಪಾಠ ಹೇಳಿದ್ದು. ಅತ್ತೆ ಆಸ್ಪತ್ರೆ ಕೆಲಸ ಬಿಟ್ಟು ಇಪ್ಪತ್ತು ವರ್ಷ ಆಯ್ತು. ಔಷಧಿ ಪ್ರಮಾಣ ಎಲ್ಲಾ ಹಳೇದನ್ನೇ ಹೇಳಿಕೊಟ್ಟಿದ್ದಾರೆ."

"ಇದನ್ನ ಸಮಿತಿಯವರಿಗೆ ಹೇಳಬೇಕಮ್ಮ."

"ಹೇಳೋಕೆ ಹೋದೆ. ಲೆಕ್ಕ ಮಾಡಿದವರು ನೀವು, ನಿಮ್ಮನ್ನೇ ಕೇಳು ಅಂದ್ರು."

ಅತ್ತೆ ಅವನ ಲೆಕ್ಕದಲ್ಲಿ ಇರಲಿಲ್ಲ. ಆಕಸ್ಮಿಕ, ಇಲ್ಲವೆ ನಕಲು, ಎರಡೇ ಖಾನೆ. "ನೋಡೋಣ," ಎಂದು ಗಡಿಯಾರ ನೋಡಿದ. ಊಟಕ್ಕೆ ತಡವಾಯಿತೆಂದು ಬೇಗ ಬೇಗ ಮೆಟ್ಟಿಲಿಳಿದ.

ಮೂರೂವರೆಗೆ ಸಭಾಂಗಣದಲ್ಲಿ ಅವನ ಉಪನ್ಯಾಸ. ವಿಶ್ವ ತಾನಾಗಿ ಆಯಿತೋ, ಯಾರಾದರೂ ಬೇಕೆಂದೇ ಮಾಡಿದರೋ? ಅವನ ಮೆಚ್ಚಿನ ವಿಷಯ. ಇದರಲ್ಲಿ ಏನು ಹೇಳಿದರೂ ಯಾರಿಗೂ ನೋವಾಗದು.

"ಈ ವಿಶ್ವ ಹೀಗೇ ಇರೋ ಸಂಭವ ಕೋಟಿ ಕೋಟಿಯಲ್ಲಿ ಒಂದು ಅಂತಾರೆ. ಇರಲಿ. ಅಪರೂಪ ಅಂದಮಾತ್ರಕ್ಕೆ ಯಾರೋ ಬೇಕಂತ ಮಾಡಿದ್ದು ಅಂತ ಆಗಲ್ಲ. ನಮಗೆ ಹೊಳೆಯದ ಮೂರನೇ ಕಾರಣ ಇರಬಹುದು. ಅದನ್ನ ಹುಡುಕದೆ ತೀರ್ಪು ಕೊಡೋದು ಲೆಕ್ಕ ಅಲ್ಲ, ಅವಸರ."

ಚಪ್ಪಾಳೆ. ಕೊನೆಯ ಸಾಲಿನಲ್ಲಿ ಆ ಹುಡುಗಿ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಅವನಿಗೆ ನಾಚಿಕೆಯಾಯಿತು. ಚಪ್ಪಾಳೆ ಇನ್ನಷ್ಟು ಹೊತ್ತು ನಡೆಯಲಿ ಎಂದೂ ಅನ್ನಿಸಿತು.

ಪರೀಕ್ಷಾಧಿಕಾರಿ ಬಂದು ಹೂಗುಚ್ಛ ಕೊಟ್ಟರು. "ದೇವರು ಇದ್ದಾನೋ ಇಲ್ವೋ, ಕೊನೇವರೆಗೂ ಬಾಯಿ ಬಿಡಲಿಲ್ವಲ್ಲ! ಅಡ್ಡಗೋಡೆ ಮೇಲೆ ದೀಪ ಇಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ," ಎಂದು ನಕ್ಕು, ಅವನ ಇನ್ನೊಂದು ಕೈಗೆ ಚಹಾದ ಕಪ್ಪಿಟ್ಟು ಸಮಿತಿಗೆ ಹೊರಟರು. ಐದಕ್ಕೆ ಹತ್ತು ನಿಮಿಷವಿತ್ತು.

ಹುಡುಗಿ ಹತ್ತಿರ ಬಂದಳು. ಅವನ ಮಾತನ್ನೇ ಒಂದಕ್ಷರ ಬಿಡದೆ ಕಾಗದಕ್ಕೆ ಇಳಿಸಿದ್ದಳು.

"ಇದರ ಕೆಳಗೆ ಒಂದು ಸೈನ್ ಹಾಕಿ ಸಾರ್."

"ಅದು ವಿಶ್ವದ ವಿಷಯಕ್ಕೆ ಹೇಳಿದ್ದಮ್ಮ."

"ನಾವೂ ಅದರೊಳಗೇ ಇದ್ದೀವಲ್ಲ ಸಾರ್."

ಹಾಕಬೇಕು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಆದರೆ ಎರಡು ಕೈಯೂ ತುಂಬಿದ್ದವು. ಕೆಲಸದವರು ಮೇಜುಗಳನ್ನು ಆಗಲೇ ಒಳಗೆ ಸಾಗಿಸಿ, ಕುರ್ಚಿಗಳನ್ನು ಆಳೆತ್ತರ ಪೇರಿಸಿದ್ದರು. ಕಪ್ ಇಡಲು ಜಾಗ ಹುಡುಕುತ್ತ ಅವನು ಖಾಲಿ ಸಭಾಂಗಣದಲ್ಲಿ ಗೋಡೆಯ ಗುಂಟ ನಡೆದ. ಅವಳು ಪೆನ್ನಿನ ಮುಚ್ಚಳ ತೆಗೆದು ಹಿಂದೆಯೇ ಬರುತ್ತಿದ್ದಳು. ಒಂದು ಸುತ್ತು ಮುಗಿದು ಎರಡನೆಯದು ಶುರುವಾಯಿತು.